ಭಾನುವಾರದ ಲೈಬ್ರರಿ

ಭಾನುವಾರ ತರಕಾರಿ ತಂದಿಟ್ಟು ಮಗಳ ಜೊತೆ ನಮ್ಮ ಏರಿಯಾದ ಸರ್ಕಾರಿ ಲೈಬ್ರರಿಗೆ ಹೋಗುವುದು ಈಗ ರೂಢಿಯಾಗಿದೆ. ರಜೆ ಸೋಮವಾರ, ಭಾನುವಾರ ತೆರೆದಿರುತ್ತದೆ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಇದು ದೊಡ್ಡ ಅನುಕೂಲ. ಅವಳು ಚಿತ್ರದ ಪುಸ್ತಕ ಹಿಡಿದು ಕೂರುತ್ತಾಳೆ, ನಾನು ವಾರಪತ್ರಿಕೆ ತಿರುವುತ್ತೇನೆ. ಏನೂ ಕೊಳ್ಳದೆ ಮಕ್ಕಳ ಜೊತೆ ಸುಮ್ನೆ ಕೂರುವ ಜಾಗ ಬೆಂಗಳೂರಲ್ಲಿ ಎಷ್ಟಿವೆ ಹೇಳಿ?

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯ ಎಲ್ಲರಿಗೂ ಗೊತ್ತು. ಬಡಾವಣೆಯ ಶಾಖೆಗಳ ಕಡೆ ನೋಡುವವರು ಕಡಿಮೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಅಂದರೆ ಇದು ನಮ್ಮದೇ ದುಡ್ಡಿನ ಲೈಬ್ರರಿ, ಅಲ್ವಾ? ಮಕ್ಕಳ ಕಪಾಟಿಗೆ ಹೊಸ ಕನ್ನಡ ಪುಸ್ತಕ ಇನ್ನೂ ಜಾಸ್ತಿ ಬರಬೇಕು. ಮುಂದಿನ ವಾರ ಹೋದಾಗ ಕೇಳುತ್ತೇನೆ. ನೀವೂ ನಿಮ್ಮ ಏರಿಯಾದಲ್ಲಿ ಕೇಳಿ.