ಹುಲ್ಲು ಎಂಟು ಇಂಚು ದಾಟಿದರೆ ಟೌನ್ ಹಾಲಿನಿಂದ ಕಾಗದ

ಮನೆ ಮುಂದಿನ ಹುಲ್ಲು ಎಷ್ಟು ಎತ್ತರ ಬೆಳೆಯಬಹುದು ಅನ್ನೋದಕ್ಕೂ ಇಲ್ಲಿ ಕೆನಡಾದಲ್ಲಿ ಕಾನೂನು ಇದೆ ಅಂದಾಗ ಊರಲ್ಲಿರುವ ನಮ್ಮಣ್ಣ ನಂಬಲಿಲ್ಲ. ಇದೆ ಮಾರಾಯ್ರೆ. 20 ಸೆಂಟಿಮೀಟರ್, ಅಂದರೆ ಸುಮಾರು ಎಂಟು ಇಂಚು. ಅದನ್ನು ದಾಟಿದರೆ ಟೌನ್ ಹಾಲಿನಿಂದ, ಅಂದರೆ ಇಲ್ಲಿಯ ಪುರಸಭೆ ಕಚೇರಿಯಿಂದ, ಕಾಗದ ಬರುತ್ತದೆ. ಕಾಗದಕ್ಕೂ ಬಗ್ಗದಿದ್ದರೆ ಅವರೇ ಆಳು ಕಳಿಸಿ ಹುಲ್ಲು ಹೊಡೆಸಿ, ಕೂಲಿಗೆ ಆಫೀಸಿನ ಖರ್ಚನ್ನೂ ಸೇರಿಸಿ, ಮನೆ ಕಂದಾಯದ ಬಿಲ್ಲಿಗೇ ಏರಿಸುತ್ತಾರೆ. ಕಂದಾಯ ಕಟ್ಟದೆ ಇರೋಕಾಗುತ್ತಾ? ಹಾಗಾಗಿ ದಂಡ ವಸೂಲಿಗೆ ಅಲೆಯುವುದಕ್ಕಿಂತ ಅವರಿಗೆ ಇದೇ ಸಲೀಸು.

ನಾವಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರೊಂಟೊದಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಸಣ್ಣ ಊರು. ಒಂದು ಮೇನ್ ರೋಡು, ಎರಡು ಸಿಗ್ನಲ್ಲು, ಒಂದು ದೊಡ್ಡ ದಿನಸಿ ಅಂಗಡಿ, ಜನಕ್ಕಿಂತ ಜಾಸ್ತಿ ಅನ್ನಿಸುವಷ್ಟು ಚರ್ಚು. ಒಂಟಾರಿಯೊದಲ್ಲಿ ಇಂಥ ದೊಡ್ಡವು ಸಣ್ಣವು ಸೇರಿ 444 ಸ್ಥಳೀಯ ಸಂಸ್ಥೆಗಳಿವೆ. 2001ರ ಮುನಿಸಿಪಲ್ ಆಕ್ಟ್ ಪ್ರಕಾರ (ಟೊರೊಂಟೊಗೆ ಮಾತ್ರ ಬೇರೆ ಕಾಯ್ದೆ) ಪ್ರತಿಯೊಂದೂ ತನಗೆ ಬೇಕಾದ ಬೈಲಾ, ಅಂದರೆ ಊರಿನ ಮಟ್ಟದ ಕಾನೂನು, ಮಾಡಿಕೊಳ್ಳಬಹುದು. ಅದಕ್ಕೇ ಪಕ್ಕದೂರಲ್ಲಿ ಹಿತ್ತಲಲ್ಲಿ ಕೋಳಿ ಸಾಕಬಹುದು, ನಮ್ಮಲ್ಲಿ ಆಗೋದಿಲ್ಲ. ಹತ್ತು ಕಿಲೋಮೀಟರ್ ಆಚೆ ಹಿತ್ತಲಲ್ಲಿ ಸೌದೆ ಒಟ್ಟಿ ಬೆಂಕಿ ಹಾಕಿಕೊಂಡು ಕೂರಬಹುದು, ಇಲ್ಲಿ ಅದಕ್ಕೆ ಫೈರ್ ಸ್ಟೇಷನ್ನಿನಿಂದ ಪರ್ಮಿಟ್ ಬೇಕು.

ನಾಯಿಗೆ ವರ್ಷವರ್ಷ ಲೈಸೆನ್ಸು. ಬೇಲಿಯ ಎತ್ತರಕ್ಕೆ ಮಿತಿ, ಅದೂ ಮುಂದಕ್ಕೊಂದು ಹಿಂದಕ್ಕೊಂದು. ನಂಬರ್ ಪ್ಲೇಟಿಲ್ಲದ ಹಳೇ ಕಾರನ್ನು ಅಂಗಳದಲ್ಲಿ ನಿಲ್ಲಿಸುವಂತಿಲ್ಲ. ಮಕ್ಕಳ ಬಾಸ್ಕೆಟ್‌ಬಾಲ್ ಕಂಬ ರಸ್ತೆ ಅಂಚಿಗೆ ಬರುವಂತಿಲ್ಲ. ಹೇಳುತ್ತಾ ಹೋದರೆ ಮುಗಿಯೋದಿಲ್ಲ, ಬಿಡಿ.

ಇಷ್ಟೆಲ್ಲ ಕಾನೂನು ಇದೆ ಅಂದಕೂಡಲೇ ಊರಲ್ಲಿರುವವರಿಗೆ ಕಣ್ಣಿಗೆ ಬರುವುದು ಲಾಠಿ ಹಿಡಿದು ಬೀದಿ ಬೀದಿ ಸುತ್ತುವ ಅಧಿಕಾರಿಗಳ ಪಡೆ. ಇಡೀ ಊರಿಗೆ ಇರುವುದು ಒಬ್ಬರೇ ಬೈಲಾ ಆಫೀಸರ್! ಐವತ್ತರ ಆಸುಪಾಸಿನ ಹೆಂಗಸು. ನಾಯಿ, ಪಾರ್ಕಿಂಗು, ಹುಲ್ಲು, ಕಸ, ಗದ್ದಲ ಎಲ್ಲ ಅವರ ತಲೆ ಮೇಲೇ. ಬಿಳಿ ಪಿಕಪ್ ಗಾಡಿಯಲ್ಲಿ ಬರುತ್ತಾರೆ, ಕೈಯಲ್ಲಿ ಟ್ಯಾಬ್ಲೆಟ್ಟು, ಸೊಂಟದಲ್ಲಿ ಅಳತೆ ಟೇಪು. ಅವರಾಗಿ ಹುಡುಕಿಕೊಂಡು ಹೋಗಿ ಯಾರನ್ನೂ ಹಿಡಿಯೋದಿಲ್ಲ. ಹಾಗೆ ಮಾಡೋಕೆ ಪುರುಸೊತ್ತೂ ಇಲ್ಲ. ಪಾರ್ಕಿಂಗ್ ಒಂದು ಬಿಟ್ಟರೆ ಉಳಿದದ್ದೆಲ್ಲ ನಡೆಯುವುದು ದೂರಿನ ಮೇಲೆ. ಯಾರಾದರೂ ದೂರು ಕೊಟ್ಟರೆ ಬೈಲಾಗೆ ಜೀವ ಬರುತ್ತದೆ, ಕೊಡದಿದ್ದರೆ ಅದು ಟೌನ್ ಹಾಲಿನ ಫೈಲಿನಲ್ಲಿ ಸುಮ್ನೆ ಮಲಗಿರುತ್ತದೆ. ನಮ್ಮ ಬೀದಿಯಲ್ಲೇ ಒಬ್ಬ ಅಜ್ಜನ ಅಂಗಳದಲ್ಲಿ ಎರಡು ತುಕ್ಕು ಹಿಡಿದ ಟ್ರ್ಯಾಕ್ಟರ್ ನಿಂತಿವೆ. ನಾವು ಬರುವ ಮೊದಲಿಂದಲೂ ಇವೆಯಂತೆ. ಎಲ್ಲರಿಗೂ ಬೇಕಾದ ಮನುಷ್ಯ, ಹಾಗಾಗಿ ಅವರ ಮೇಲೆ ಯಾರು ದೂರು ಕೊಡುತ್ತಾರೆ?

ಇಲ್ಲಿಯೇ ನನಗೆ ಕಸಿವಿಸಿ ಆಗುವುದು. ದೂರು ಕೊಡುವವರು ಹೆಸರು, ವಿಳಾಸ ಬರೆಯಲೇಬೇಕು. ಆದರೆ ಅದನ್ನು ಟೌನ್ ಹಾಲಿನವರು ಹೊರಗೆ ಬಿಡೋದಿಲ್ಲ. ಖಾಸಗಿ ಮಾಹಿತಿ ಕಾಪಾಡುವ ಕಾನೂನು ಅಡ್ಡ ಬರುತ್ತದೆ. ಹೀಗಾಗಿ ಕಾಗದ ಕೈಗೆ ಬಂದವರಿಗೆ ಬೀದಿಯಲ್ಲಿ ಕೈಬೀಸುವ ಪ್ರತಿಯೊಬ್ಬರ ಮೇಲೂ ಅನುಮಾನ. ನಮ್ಮ ಕಡೆ ತೆಂಗಿನ ಗರಿ ಆಚೆ ಮನೆಯ ಹೆಂಚಿನ ಮೇಲೆ ಬಿದ್ದರೆ ಏನಾಗುತ್ತೆ? ಬೆಳಿಗ್ಗೆ ಆರಕ್ಕೇ ಕಾಂಪೌಂಡಿನ ಮೇಲಿಂದ 'ಏನ್ರೀ ಇದು, ನಿಮ್ಮ ಮರ ಕಡಿಸ್ತೀರೋ ಇಲ್ವೋ' ಅಂತ ಶುರುವಾಗುತ್ತದೆ. ಹನ್ನೊಂದರ ಹೊತ್ತಿಗೆ ಬೀದಿಗೆಲ್ಲ ಗೊತ್ತು. ಸಂಜೆ ಯಾರೋ ಹಿರಿಯರು ಬಂದು ಕಾಫಿ ಕುಡಿದು ರಾಜಿ ಮಾಡಿಸುತ್ತಾರೆ, ಅಥವಾ ಎರಡು ಮನೆಗೂ ಮಾತು ಬಿಡುತ್ತದೆ. ಪುರಸಭೆ ಅನ್ನೋದು ಈ ಇಡೀ ಪ್ರಸಂಗದಲ್ಲಿ ಎಲ್ಲೂ ಬರೋದಿಲ್ಲ. ಹಾಗಂತ ನಮ್ಮಲ್ಲಿ ಬೈಲಾ ಇಲ್ಲ ಅಂತಲ್ಲ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಲ್ಲಿ ಬೈಲಾ ಮಾಡುವ ಅಧಿಕಾರ ಇದ್ದೇ ಇದೆ. ಅದನ್ನು ಕೇಳಿಕೊಂಡು ಹೋಗುವ ಅಭ್ಯಾಸ ನಮಗಿಲ್ಲ, ಅಷ್ಟೇ.

ನಮ್ಮೂರಲ್ಲಿ ಇನ್ನೊಂದು ಕನ್ನಡದ ಮನೆ ಇದೆ, ಮಂಡ್ಯದ ಕಡೆಯವರು. ಎರಡು ರಸ್ತೆ ಸೇರುವ ಮೂಲೆಯಲ್ಲಿ ಅವರ ಮನೆ. ಹಿತ್ತಲಿಗೆ ಬಿಸಿಲು ಬೀಳೋದಿಲ್ಲ ಅಂತ ಆ ಮನೆಯ ಅಕ್ಕ ಮುಂದಿನ ಅಂಗಳದಲ್ಲೇ ಚಪ್ಪರ ಹಾಕಿ ಸೋರೆ ಬಳ್ಳಿ ಹಬ್ಬಿಸಿದ್ದರು. ಜುಲೈ ಮುಗಿಯುವಷ್ಟರಲ್ಲಿ ಮೊಳದುದ್ದದ ಕಾಯಿಗಳು ತೂಗುತ್ತಿದ್ದವು. ಇಲ್ಲಿಯವರು ನಿಂತು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಬಿಳಿ ಪಿಕಪ್ ಬಂತು. ನಾನೂ ಅಲ್ಲೇ ಇದ್ದೆ, ಪಲ್ಯಕ್ಕೆ ಅಂತ ಕಾಯಿ ತರೋಕೆ ಹೋಗಿದ್ದೆ.

ಆಫೀಸರ್ ನಗುತ್ತಲೇ ಗಾಡಿಯಿಂದ ಇಳಿದರು. ಮುಂದಿನ ಅಂಗಳದಲ್ಲಿ ತರಕಾರಿ ಬೆಳೆದದ್ದಕ್ಕೆ ತಕರಾರಿಲ್ಲ, ಚಪ್ಪರದ ಜಾಗಕ್ಕೆ ತಕರಾರು ಅಂದರು. ಮೂಲೆ ಮನೆಗಳಿಗೆ ಇಲ್ಲೊಂದು ನಿಯಮ ಇದೆ. ಎರಡು ರಸ್ತೆ ಸೇರುವ ಬಿಂದುವಿನಿಂದ ಎರಡೂ ಕಡೆಗೆ ಇಷ್ಟಿಷ್ಟು ಮೀಟರ್ ಅಳೆದು, ಆ ಎರಡು ತುದಿಗೆ ಒಂದು ಗೆರೆ ಎಳೆದರೆ ಬರುವ ತ್ರಿಕೋನದೊಳಗೆ ಗಿಡ, ಬೇಲಿ, ಹಿಮದ ಗುಡ್ಡೆ ಏನೇ ಇರಲಿ, ಸೊಂಟಕ್ಕಿಂತ ಎತ್ತರ ಇರಬಾರದು. ತಿರುಗುವ ಕಾರಿನವನಿಗೆ ಆ ಕಡೆಯಿಂದ ಸೈಕಲ್ಲಿನಲ್ಲಿ ಬರುವ ಮಗು ಕಾಣಬೇಕು ಅನ್ನೋದು ಕಾರಣ. ಅವರು ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಹಿಡಿದುಕೊಳ್ಳಿ ಅಂದರು. ಹಿಡಿದೆ. ಚಪ್ಪರದ ಎರಡು ಕಂಬ ತ್ರಿಕೋನದೊಳಗೆ, ನಾಲ್ಕು ಹೊರಗೆ. ಎರಡು ಕಂಬಕ್ಕೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ, ಇವೆರಡನ್ನು ಈಚೆಗೆ ತನ್ನಿ, ಎರಡು ವಾರ ಟೈಮಿದೆ, ಕಾಯಿ ಬಲಿಯೋಕೆ ಇನ್ನೂ ಬೇಕು ಅಂದರೆ ಫೋನ್ ಮಾಡಿ ಅಂದರು. ದಂಡದ ಮಾತೇ ಎತ್ತಲಿಲ್ಲ.

ಅಕ್ಕನಿಗೆ ಸಿಟ್ಟು ಬಂದದ್ದು ಕಂಬ ಕೀಳೋದಕ್ಕಲ್ಲ. 'ದಿನಾ ಎದುರಿಗೆ ಸಿಕ್ಕಿ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ, ಹಿಂದಿನಿಂದ ಫೋನ್ ಮಾಡ್ತಾರೆ. ನನ್ನ ಹತ್ರಾನೇ ಹೇಳಿದ್ರೆ ಒಂದು ಕಾಯಿ ಕೊಟ್ಟು ಕಂಬಾನೂ ಕೀಳ್ತಿದ್ದೆ' ಅಂದರು. ಸರಿಯಾಗಿಯೇ ಹೇಳಿದರು ಅನ್ನಿಸಿತು. ಆದರೆ ಇಲ್ಲಿಯವರ ಲೆಕ್ಕ ಬೇರೆ. ಮುಖಕ್ಕೆ ಮುಖ ಕೊಟ್ಟು ಹೇಳುವುದು ಒರಟುತನ, ಆಫೀಸಿಗೆ ಹೇಳುವುದು ಸಭ್ಯತನ. ಇಬ್ಬರ ನಡುವೆ ಜಗಳ ಆಗೋದಿಲ್ಲ, ಮಾತುಕತೆಯೂ ಆಗೋದಿಲ್ಲ.

ಚಳಿಗಾಲ ಬಂದರೆ ಕಥೆಯೇ ಬೇರೆ. ನವೆಂಬರಿನಿಂದ ಮಾರ್ಚಿನ ಕೊನೆಯವರೆಗೆ ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಮೇಲೆ ಒಂದೂ ಕಾರು ನಿಲ್ಲುವಂತಿಲ್ಲ, ಹಿಮ ಬೀಳಲಿ ಬಿಡಲಿ. ಹಿಮ ತಳ್ಳುವ ಗಾಡಿಗೆ ದಾರಿ ಬೇಕು. ಇದಕ್ಕೆ ಯಾರ ದೂರೂ ಬೇಕಿಲ್ಲ, ದಂಡದ ಚೀಟಿ ನೇರವಾಗಿ ವೈಪರಿನ ಕೆಳಗೆ. ಬೇಸ್‌ಮೆಂಟ್ ಬಾಡಿಗೆಗೆ ಹಿಡಿದ ಓದುವ ಹುಡುಗರಿಗೇ ಇದು ಬೀಳುವುದು ಜಾಸ್ತಿ. ಮನೆಯವರ ಎರಡು ಕಾರು ಡ್ರೈವ್‌ವೇ ತುಂಬಿರುತ್ತವೆ, ಹುಡುಗರ ಕಾರು ಎಲ್ಲಿ ನಿಲ್ಲಬೇಕು? ಮನೆ ಮುಂದಿನ ಕಾಲುದಾರಿಯ ಹಿಮ ನಾವೇ ತೆಗೆಯಬೇಕು, ಹಿಮ ಬೀಳೋದು ನಿಂತ 24 ಗಂಟೆಯೊಳಗೆ. ತೆಗೆದದ್ದನ್ನು ರಸ್ತೆಗೆ ತಳ್ಳುವಂತಿಲ್ಲ, ಅದಕ್ಕೆ ಪ್ರಾಂತ್ಯದ ಸಾರಿಗೆ ಕಾನೂನೇ ಇದೆ. ಆದರೆ ಟೌನಿನ ಗಾಡಿ ರಸ್ತೆಯ ಹಿಮವನ್ನೆಲ್ಲ ನಮ್ಮ ಡ್ರೈವ್‌ವೇ ಬಾಯಿಗೆ ತಂದು ಗೋಡೆ ಕಟ್ಟಿ ಹೋಗಬಹುದು! ಬೆಳಿಗ್ಗೆ ಏಳಕ್ಕೆ ಸಲಿಕೆ ಹಿಡಿದು ನಿಂತಾಗ ಕಾನೂನಿನ ಮೇಲಿನ ಗೌರವ ಸ್ವಲ್ಪ ಇಳಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಕಸದ ವಿಷಯಕ್ಕೆ ಬಂದರೆ ಇವರನ್ನು ಮೆಚ್ಚಬೇಕು. ಪ್ರತಿ ಕಸದ ಚೀಲಕ್ಕೂ ಎರಡು ಮೂರು ಡಾಲರಿನ ಒಂದು ಸ್ಟಿಕ್ಕರ್ ಅಂಟಿಸಬೇಕು, ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಸ್ಟಿಕ್ಕರ್ ಇಲ್ಲದ ಚೀಲವನ್ನು ಗಾಡಿಯವನು ಮುಟ್ಟೋದಿಲ್ಲ. ಬಾಟಲಿ, ಡಬ್ಬ, ರಟ್ಟು, ಪೇಪರನ್ನು ನೀಲಿ ಪೆಟ್ಟಿಗೆಗೆ ಹಾಕಿದರೆ ದುಡ್ಡಿಲ್ಲ. ಈ ನೀಲಿ ಪೆಟ್ಟಿಗೆ ಶುರುವಾದದ್ದೇ ಒಂಟಾರಿಯೊದ ಕಿಚನರ್ ಊರಲ್ಲಿ, 1983ರಲ್ಲಿ. ಬೆರೆಸಿ ಕೊಟ್ಟರೆ ದುಡ್ಡು, ಬೇರೆ ಮಾಡಿ ಕೊಟ್ಟರೆ ಪುಕ್ಕಟೆ. ಭಾಷಣ ಇಲ್ಲ, ಜಾಥಾ ಇಲ್ಲ. ತೆಗೆದುಕೊಳ್ಳದ ಚೀಲ ಸಂಜೆಯವರೆಗೆ ಗೇಟಿನ ಮುಂದೆ ಕೂತು ಬೀದಿಗೆಲ್ಲ ಕಾಣುತ್ತದೆ. ಅಷ್ಟು ಸಾಕು.

ಎಲ್ಲ ಬೈಲಾಗೂ ತಲೆಬಾಗಲೇಬೇಕು ಅಂತೇನೂ ಇಲ್ಲ, ಇದನ್ನೂ ಹೇಳಿಬಿಡುತ್ತೇನೆ. ಟೊರೊಂಟೊದಲ್ಲಿ ಒಬ್ಬ ಮಹಿಳೆ ಅಂಗಳದಲ್ಲಿ ಕಾಡು ಹೂಗಿಡಗಳನ್ನು ಬೇಕಂತಲೇ ಬೆಳೆಯೋಕೆ ಬಿಟ್ಟಿದ್ದರು. ನಗರಸಭೆ 50 ಡಾಲರ್ ದಂಡ ಹಾಕಿತು. ಅವರು ಬಿಡಲಿಲ್ಲ, ಕೋರ್ಟಿಗೆ ಹೋದರು. ತನ್ನ ಅಂಗಳ ಹೇಗಿರಬೇಕು ಅನ್ನೋದೂ ಅಭಿವ್ಯಕ್ತಿ ಸ್ವಾತಂತ್ರ್ಯವೇ ಅಂತ 1996ರಲ್ಲಿ ಅವರ ಪರವಾಗಿ ತೀರ್ಪು ಬಂತು. ಬಟ್ಟೆ ಒಣಹಾಕುವುದರದ್ದೂ ಹಾಗೇ. ಎಷ್ಟೋ ಹೊಸ ಬಡಾವಣೆಗಳಲ್ಲಿ ಮನೆ ಮಾರುವಾಗಲೇ ಹಗ್ಗ ಕಟ್ಟಬಾರದು ಅಂತ ಕರಾರು ಬರೆಸಿಕೊಳ್ಳುತ್ತಿದ್ದರು, ನೋಡೋಕೆ ಚೆನ್ನಾಗಿರೋದಿಲ್ಲವಂತೆ. 2008ರಲ್ಲಿ ಪ್ರಾಂತ್ಯದ ಸರ್ಕಾರವೇ ಕರೆಂಟ್ ಉಳಿಯಲಿ ಅಂತ ಆ ತಡೆಯನ್ನು ತೆಗೆದುಹಾಕಿತು. ನಮ್ಮಮ್ಮ ಬಂದಿದ್ದಾಗ ಹಿತ್ತಲಲ್ಲಿ ಸೀರೆ ಹರವಿದ್ದು ಪೂರಾ ಕಾನೂನುಬದ್ಧವಾಗಿಯೇ.

ಇನ್ನು ಬೈಲಾ ಹುಟ್ಟುವ ಜಾಗ. ತಿಂಗಳಿಗೆ ಎರಡು ಸಂಜೆ ಟೌನ್ ಹಾಲಿನಲ್ಲಿ ಕೌನ್ಸಿಲ್ ಸಭೆ. ಮೇಯರ್ ಸೇರಿ ಏಳು ಜನ. ಒಬ್ಬರು ಹಾರ್ಡ್‌ವೇರ್ ಅಂಗಡಿಯವರು, ಒಬ್ಬರು ರಿಟೈರ್ ಆದ ಮೇಷ್ಟ್ರು. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಮೊದಲೇ ಬರೆದುಕೊಟ್ಟರೆ ಹತ್ತು ನಿಮಿಷ ಮೈಕಿನ ಮುಂದೆ ನಿಂತು ಮಾತಾಡಬಹುದು. ಓಟು ಮಾತ್ರ ಇಲ್ಲಿಯ ಪೌರತ್ವ ಸಿಕ್ಕವರಿಗೇ. 2022ರ ಅಕ್ಟೋಬರಿನಲ್ಲಿ ಚುನಾವಣೆ ನಡೆಯಿತು, ಅದರಲ್ಲಿ ನಮ್ಮಂಥ ಪಿಆರ್‌ನವರು, ಅಂದರೆ ಪೌರತ್ವ ಇಲ್ಲದೆ ಕಾಯಂ ವಾಸದ ಅನುಮತಿ ಮಾತ್ರ ಇರುವವರು, ಕಂದಾಯ ಕಟ್ಟಿಯೂ ಪ್ರೇಕ್ಷಕರು. ಹೊಸಬರ ಮೇಲೆ ದೂರು ಬರುತ್ತದೆ, ಹೊಸಬರಿಗೆ ಓಟಿಲ್ಲ. ಇದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಪಟಾಕಿ ವಿಷಯಕ್ಕೆ ಅಂತ ನಾವು ಆ ಮೈಕಿನ ಮುಂದೆ ನಿಂತೆವು. ನಮ್ಮೂರ ಬೈಲಾದಲ್ಲಿ ಪಟಾಕಿಗೆ ಎರಡೇ ಹಬ್ಬ, ವಿಕ್ಟೋರಿಯಾ ಡೇ ಮತ್ತು ಕೆನಡಾ ಡೇ. ದೀಪಾವಳಿ ಇರಲಿಲ್ಲ. ನಮ್ಮವರು ಜಾಸ್ತಿ ಇರುವ ಬ್ರಾಂಪ್ಟನ್ ನಗರದಲ್ಲಿ ದೀಪಾವಳಿಗೆ ಅನುಮತಿ ಇತ್ತು, ಆದರೆ ಗದ್ದಲ ಮತ್ತು ಬೀದಿ ಕಸದ ದೂರು ವಿಪರೀತ ಆಗಿ 2022ರ ಕೊನೆಯಲ್ಲಿ ಎಲ್ಲ ಹಬ್ಬಕ್ಕೂ ಮನೆ ಪಟಾಕಿಯನ್ನೇ ನಿಷೇಧಿಸಿದರು. ಕೌನ್ಸಿಲಿನವರು ಅದನ್ನೇ ಎತ್ತಿದರು. ಮಂಡ್ಯದ ಅಕ್ಕ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು: ಒಂದೇ ಸಂಜೆ, ರಾತ್ರಿ ಹತ್ತರವರೆಗೆ, ಸ್ವಂತ ಹಿತ್ತಲಲ್ಲಿ, ಬೆಳಿಗ್ಗೆ ಕಸ ನಾವೇ ಗುಡಿಸುತ್ತೇವೆ. ಟ್ರ್ಯಾಕ್ಟರ್ ಅಜ್ಜ ಹಿಂದಿನ ಸಾಲಿನಲ್ಲಿ ಕೂತಿದ್ದವರು ಎದ್ದು ನಿಂತು, ಎರಡು ದಿನ ಇರುವುದು ಮೂರು ಆದರೆ ಏನು ಮುಳುಗುತ್ತೆ ಅಂದರು. ಕೌನ್ಸಿಲ್ ತಕ್ಷಣ ಒಪ್ಪಲಿಲ್ಲ. ಸಿಬ್ಬಂದಿಯಿಂದ ವರದಿ, ಫೈರ್ ಚೀಫ್ ಅಭಿಪ್ರಾಯ ಅಂತ ತಿಂಗಳುಗಟ್ಟಲೆ ಎಳೆದು ಕೊನೆಗೆ ಒಂದು ಸಾಲು ಸೇರಿಸಿದರು.

ಆ ವರ್ಷ ನಕ್ಷತ್ರಕಡ್ಡಿ, ಹೂಕುಂಡ, ಒಂದಷ್ಟು ಆಕಾಶಕ್ಕೆ ಹಾರುವಂಥವು. ಚಳಿಗೆ ಜಾಕೆಟ್ಟಿನ ಒಳಗೆ ರೇಷ್ಮೆ ಸೀರೆ. ಹತ್ತಕ್ಕೆ ಐದು ನಿಮಿಷ ಇರುವಾಗಲೇ ನಿಲ್ಲಿಸಿದೆವು. ಮರುದಿನ ಟೌನ್ ಹಾಲಿಗೆ ಎರಡು ದೂರು ಬಂದಿದ್ದವಂತೆ, ಒಂದರಲ್ಲಿ ನಾಯಿ ಹೆದರಿತು ಅಂತಿತ್ತು. ಆಫೀಸರ್ ಇಬ್ಬರಿಗೂ ಹೊಸ ಬೈಲಾದ ಪ್ರತಿ ಕಳಿಸಿ ಫೈಲ್ ಮುಚ್ಚಿದರು.