ಅಷ್ಟು ಜನ ಅಲ್ಲಿ ಏನನ್ನು ಹುಡುಕುತ್ತಾರೆ?

ನಾನು ವಿಶ್ವವಿದ್ಯಾನಿಲಯವೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿರುವ ನಮ್ಮ ಮನೆಯಿಂದ ಅಲ್ಲಿಗೆ ಎರಡು ಬಸ್ಸು ಹಿಡಿಯಬೇಕು. ಊರಿನಲ್ಲಿ ಮದುವೆಯೋ ಉಪನಯನವೋ ಇದ್ದು, ಊಟಕ್ಕೆ ಎರಡನೆಯ ಹಂತಿಗೆ ಕಾದು ನಿಂತೆನೆಂದರೆ, ಯಾರಾದರೊಬ್ಬರು ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ: "ಅಲ್ಲಿ ಅಷ್ಟು ಜನ ವರ್ಷಗಟ್ಟಲೆ ಕೂತು ಏನನ್ನು ಹುಡುಕುತ್ತಾರೆ? ಅದರಿಂದ ಯಾರಿಗೆ ಏನು?" ಪಕ್ಕದ ಮನೆಯ ಮಾವ ಇದನ್ನು ಎರಡೇ ಮಾತಿಗೆ ಇಳಿಸಿದ್ದಾರೆ. ಸಂಜೆ ನಾನು ಬಸ್ಸಿಳಿದು ಅವರ ಅಂಗಳ ದಾಟುವಾಗ ಅಡಕೆ ರಾಶಿಯ ಹಿಂದಿನಿಂದ ಕೂಗುತ್ತಾರೆ: "ಏನಾದರೂ ಸಿಕ್ಕಿತೇ?" ಹಗ್ಗ ಬಿಚ್ಚಿಕೊಂಡು ಹೋದ ದನವನ್ನು ಹುಡುಕಿ ಬರುವವನನ್ನು ಕೇಳುವ ಧಾಟಿ ಅದು.

ಮೊದಮೊದಲು ನಾನು ಪ್ರಬಂಧಗಳ ಹೆಸರು ಹೇಳುತ್ತಿದ್ದೆ. ಅದು ದೊಡ್ಡ ತಪ್ಪು. ಪಿಎಚ್‌ಡಿ ಪ್ರಬಂಧದ ತಲೆಬರಹವೆಂದರೆ ಊಟದ ಮೊದಲು ಕೇಳಿಸಿಕೊಳ್ಳುವ ವಸ್ತುವಲ್ಲ. ಈಗ ನನ್ನ ಮೇಜಿನ ಮೇಲೆ ಏನು ನಡೆಯುತ್ತದೆ ಎಂಬಲ್ಲಿಂದ ಶುರು ಮಾಡುತ್ತೇನೆ.

ಪ್ರಬಂಧ ಪರೀಕ್ಷಕರ ಕೈಗೆ ಹೋಗುವ ಮೊದಲು ನನ್ನಲ್ಲಿಗೆ ಬರುತ್ತದೆ. ಬೇರೆಯವರ ಬರಹದೊಂದಿಗೆ ಅದು ಎಷ್ಟು ಹೋಲುತ್ತದೆ ಎಂದು ತಂತ್ರಾಂಶದಲ್ಲಿ ಹಾಕಿ ನೋಡುವುದು ನನ್ನ ಕೆಲಸ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡವಿಲ್ಲ. ಶೇಕಡಾ 60 ದಾಟಿದರೆ ನೋಂದಣಿಯೇ ರದ್ದು. ಎಂಜಿನಿಯರಿಂಗ್ ಪ್ರಬಂಧಗಳು ಹೆಚ್ಚಾಗಿ ತಕರಾರಿಲ್ಲದೆ ಹೊರಬೀಳುತ್ತವೆ. ಕಾನೂನಿನದು ಬಂದರೆ ಪರದೆ ತುಂಬ ಕೆಂಪು, ಏಕೆಂದರೆ ಕಾಯ್ದೆಯ ಕಲಮನ್ನು ಯಾರೂ ತಮ್ಮ ಮಾತಿನಲ್ಲಿ ತಿರುಗಿಸಿ ಬರೆಯುವಂತಿಲ್ಲ. ಕಾಯ್ದೆಯ ಪಠ್ಯವನ್ನು ಲೆಕ್ಕದಿಂದ ಬಿಡಬೇಕೆಂದು ನಿಯಮವೇ ಹೇಳುತ್ತದೆ, ಯಂತ್ರಕ್ಕೆ ಅದು ಗೊತ್ತಿಲ್ಲ. ಒಂದೊಂದಾಗಿ ನಾನೇ ಬಿಡಿಸಬೇಕು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕನ್ನಡ ಪ್ರಬಂಧವೊಂದು ಒಮ್ಮೆ ಸೊನ್ನೆ ಶೇಕಡಾ ತೋರಿಸಿತು. ಅದರ ಮಾರ್ಗದರ್ಶಕರಿಗೆ ಖುಷಿಯೋ ಖುಷಿ. ಯಂತ್ರ ಒಂದಕ್ಷರವನ್ನೂ ಓದಿಲ್ಲ ಎಂದು ಅವರಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು.

ಈ ಮೇಜಿನಲ್ಲಿ ಕುಳಿತು ನನಗೆ ಹೊಳೆದದ್ದು ಇಷ್ಟು: ಒಂದು ವಿಭಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುವುದು ಅವರು ಏನನ್ನು ಹುಡುಕುತ್ತಾರೆ ಎಂಬುದರಲ್ಲಿ ಅಷ್ಟಾಗಿ ಇಲ್ಲ, ಯಾರ ಸಾಕ್ಷಿಯನ್ನು ನಂಬುತ್ತಾರೆ ಎಂಬುದರಲ್ಲಿ ಇದೆ. ಮಾವನಿಗೆ ಹೇಳಿದ್ದೂ ಇದನ್ನೇ. "ಸಾಕ್ಷಿಯೋ? ಹಾಗಾದರೆ ಅದು ಕೋರ್ಟೇ ಸರಿ" ಎಂದರು. ಸರಿ, ಕೋರ್ಟಿನಿಂದಲೇ ಹೊರಡೋಣ.

ನಾನು ದಿನವೂ ಹೋಗುವ ಬಸ್ಸು ಚೆರ್ಕಳ ಸೇರುವ ಮೊದಲು ಎಡನೀರು ದಾಟುತ್ತದೆ. ಅಲ್ಲಿಯ ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 13 ನ್ಯಾಯಮೂರ್ತಿಗಳು, 68 ದಿನಗಳ ವಾದ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದು ಅಂದು ನಿರ್ಧಾರವಾಯಿತು. ಮಠಕ್ಕೆ ಭೂಮಿಯ ವಿಷಯದಲ್ಲಿ ಗೆಲುವು ಸಿಗಲಿಲ್ಲ. ಈ ಭಾಗವನ್ನು ಮಾವ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಅವರಿಗೆ ಗೊತ್ತಿಲ್ಲದ ಒಂದು ಎಳೆ ಇದರ ಹಿಂದೆ ಇದೆ. ಆ ಎಳೆ ಶುರುವಾಗುವುದು ಒಂದು ತರಗತಿಯಲ್ಲಿ. 1965ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಡೀಟರ್ ಕಾನ್ರಾಡ್ ಎಂಬ ವಿದ್ವಾಂಸರು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಕಾನೂನು ವಿಭಾಗದಲ್ಲಿ ಒಂದು ಉಪನ್ಯಾಸ ಮಾಡಿದರು. ತಿದ್ದುಪಡಿ ಮಾಡುವ ಅಧಿಕಾರಕ್ಕೆ ಬರಹದಲ್ಲಿ ಕಾಣಿಸದ ಮಿತಿಗಳೇನಾದರೂ ಇವೆಯೇ ಎಂಬುದು ವಿಷಯ. ತಿದ್ದುಪಡಿಯ ಹೆಸರಿನಲ್ಲಿ ಸಂವಿಧಾನವನ್ನೇ ರದ್ದು ಮಾಡಿ ಮೊಘಲ್ ಬಾದಶಹನನ್ನೋ ಇಂಗ್ಲೆಂಡಿನ ರಾಜಗದ್ದುಗೆಯನ್ನೋ ಮರಳಿ ತರಬಹುದೇ ಎಂದು ಅವರು ಕೇಳಿದರು. ಅಂದಿನ ದಿನಕ್ಕೆ ಅದು ಕೆಲಸವಿಲ್ಲದವರ ಪ್ರಶ್ನೆ. ಯಾವ ಸರ್ಕಾರವೂ ಬಾದಶಹನನ್ನು ಕರೆಯಲು ಹೊರಟಿರಲಿಲ್ಲ. ಆ ಉಪನ್ಯಾಸ ವಕೀಲ ಎಂ.ಕೆ. ನಂಬಿಯಾರ್ ಅವರ ಕೈಗೆ ಬಂತು, 1967ರ ಗೋಲಕನಾಥ್ ಮೊಕದ್ದಮೆಯಲ್ಲಿ ಅವರು ಆ ವಾದವನ್ನು ನ್ಯಾಯಾಲಯದ ಮುಂದಿಟ್ಟರು. ಆರು ವರ್ಷ ಕಳೆದು ಎಡನೀರಿನ ಮೊಕದ್ದಮೆಯಲ್ಲಿ, ತೀರ್ಪಿನ ತಕ್ಕಡಿ ಯಾವ ಕಡೆಗೆ ವಾಲಬೇಕೆಂಬುದು ಯಾರ ಅಭಿಪ್ರಾಯದ ಮೇಲೆ ನಿಂತಿತ್ತೋ ಆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕಾನ್ರಾಡರ ಬರಹವನ್ನು ಉಲ್ಲೇಖಿಸಿದರು.

ಕಾನೂನಿನ ಸಂಶೋಧಕನಿಗೆ ಸಾಕ್ಷಿ ಎಂದರೆ ಬರೆದಿಟ್ಟ ಮಾತು. ಅವನು ಹೊರಗೆ ಹೋಗಿ ಏನನ್ನೂ ಅಳೆಯದೆ ಇರಬಹುದು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗಲೇ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದು ಅದರ ಸಾರ. "ಪ್ರಯತ್ನಿಸಬೇಕು" ಎಂಬ ಒಂದು ಕ್ರಿಯಾಪದ ಎಷ್ಟು ಭಾರ ಹೊರುತ್ತದೆ, ಪ್ರಯತ್ನಿಸದಿದ್ದರೆ ಏನು ಎಂಬುದರ ಮೇಲೆ ಮುನ್ನೂರು ಪುಟ ಬರೆಯಬಹುದು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗಲೆಲ್ಲ ಬೀದಿಗಿಳಿದ ನಮ್ಮೂರಿನವರಿಗೆ ಆ ಮುನ್ನೂರು ಪುಟ ಹೆಚ್ಚೆಂದು ಅನ್ನಿಸದು.

ಕಂಪ್ಯೂಟರ್ ವಿಭಾಗದ ಹುಡುಗರ ಸಾಕ್ಷಿ ಎಣಿಕೆ. ಒಂದು ಅಥವಾ ಎರಡು ಸಲ ಆದದ್ದು ಅವರಿಗೆ ಏನೂ ಅಲ್ಲ, ಹತ್ತು ಸಾವಿರ ಸಲ ಆಗಬೇಕು. ಕನ್ನಡ, ತುಳು, ಮಲಯಾಳ ಕಲಸಿದ ವಾಕ್ಯಗಳನ್ನು ರಾಶಿ ಹಾಕಿಕೊಂಡು, ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಗುರುತು ಹಾಕಿಕೊಡಲು ಒಬ್ಬ ವಿದ್ಯಾರ್ಥಿ ನನ್ನನ್ನೂ ಕೂರಿಸಿದ್ದ. "ನೀವು ಭಾರೀ ಬುದ್ಧಿವಂತರು ಮಾರಾಯರೇ" ಎಂಬ ವಾಕ್ಯ ಬಂತು. ನಾನು ತೆಗಳಿಕೆ ಎಂದೆ. ಪಕ್ಕದಲ್ಲಿ ಕುಳಿತಿದ್ದ ಬೆಂಗಳೂರಿನ ಹುಡುಗಿ ಹೊಗಳಿಕೆ ಎಂದಳು. ಇಬ್ಬರದ್ದೂ ಪಟ್ಟಿಗೆ ಸೇರಿತು. ಗುರುತು ಹಾಕುವವರು ಎಷ್ಟರ ಮಟ್ಟಿಗೆ ಒಪ್ಪುತ್ತಾರೆ ಎಂದು ಅಳೆಯಲು ಅವರು ಬಳಸುವುದು ಕಪ್ಪಾ ಎಂಬ ಅಳತೆ. ಪೂರ್ತಿ ಒಪ್ಪಿದರೆ ಒಂದು, ಕಣ್ಣು ಮುಚ್ಚಿ ಹಾಕಿದಷ್ಟೇ ಹೊಂದಿದರೆ ಸೊನ್ನೆ. 1960ರಲ್ಲಿ ಅದನ್ನು ಕೊಟ್ಟವರು ಜೇಕಬ್ ಕೊಹೆನ್, ಮನಶ್ಶಾಸ್ತ್ರಜ್ಞ. ಮನುಷ್ಯರ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ಮನಶ್ಶಾಸ್ತ್ರದವರಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ.

ಮನಶ್ಶಾಸ್ತ್ರದವರ ಸಾಕ್ಷಿ ಮನುಷ್ಯನೇ, ಅದೇ ಎಲ್ಲಕ್ಕಿಂತ ತಂಟೆಯದು. ಕಲ್ಲು ತನ್ನನ್ನು ಅಳೆಯುತ್ತಿದ್ದಾರೆಂದು ಸೆಟೆದುಕೊಳ್ಳುವುದಿಲ್ಲ, ಮನುಷ್ಯ ಸೆಟೆದುಕೊಳ್ಳುತ್ತಾನೆ. ನಮ್ಮ ಮನೆಗೇ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಳು, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಿಡಿದುಕೊಂಡು. ದೊಡ್ಡಮ್ಮ ಒಪ್ಪಿ ಕುಳಿತರು. ಮೊದಲ ಪ್ರಶ್ನೆ: ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿಯಾಗಲಿ ಸಂತೋಷವಾಗಲಿ ಇಲ್ಲದಿರುವುದು ನಿಮ್ಮನ್ನು ಎಷ್ಟು ಸಲ ಕಾಡಿದೆ? ಉತ್ತರ ನಾಲ್ಕರಲ್ಲಿ ಒಂದನ್ನು ಆರಿಸಬೇಕು: ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ಪ್ರತಿದಿನ.

"ಯಾವ ಕೆಲಸ ಮಗಳೇ?" ಎಂದರು ದೊಡ್ಡಮ್ಮ.

"ನೀವು ದಿನಾ ಮಾಡುವ ಕೆಲಸ."

"ಪಾತ್ರೆ ತೊಳೆಯುವುದರಲ್ಲಿ ಆಸಕ್ತಿ ಯಾರಿಗೆ ಇರುತ್ತದೆ?" ಎಂದು ನಕ್ಕು, ಆಮೇಲೆ ಬೆರಳು ಮಡಚಿ ಲೆಕ್ಕಕ್ಕೆ ತೊಡಗಿದರು. "ಎರಡು ವಾರ ಎಂದರೆ ಹದಿನಾಲ್ಕು ದಿನ. ಅದರಲ್ಲಿ ನಾಲ್ಕು ದಿನ ತಂಗಿಯ ಮನೆಯಲ್ಲಿದ್ದೆ, ಅಲ್ಲಿ ನನಗೆ ಕೆಲಸವೇ ಇರಲಿಲ್ಲ. ಅದನ್ನು ಸೇರಿಸಬೇಕೇ?" ಹುಡುಗಿ ಪೆನ್ನು ಎತ್ತಿ ಹಿಡಿದು ಒಂದಷ್ಟು ಹೊತ್ತು ಸುಮ್ಮನಿದ್ದಳು. ಒಂಬತ್ತು ಪ್ರಶ್ನೆ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು, ಒಂದು ಲೋಟ ಪುನರ್ಪುಳಿ ಶರಬತ್ತು ಖರ್ಚಾಯಿತು. ದೊಡ್ಡಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ಮಾತು ಒಂಬತ್ತು ಪ್ರಶ್ನೆಗಳಲ್ಲಿ ಎಲ್ಲಿಯೂ ಬರಲಿಲ್ಲ. ಅವಳು ಚಪ್ಪಲಿ ಹಾಕಿಕೊಳ್ಳುವಾಗ ದೊಡ್ಡಮ್ಮನೇ ತಾನಾಗಿ ಹೇಳಿದರು, ಅದೂ ತುಳುವಿನಲ್ಲಿ.

ಪ್ರಶ್ನೆಯನ್ನು ಕನ್ನಡಿಸುವುದೇ ಒಂದು ಸಂಶೋಧನೆ ಎಂದು ನನಗೆ ಅರಿವಾದದ್ದು ಆಗ. ಒಬ್ಬರು ಕನ್ನಡಕ್ಕೆ ತರುತ್ತಾರೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ಒಯ್ಯುತ್ತಾರೆ, ಎರಡನ್ನೂ ಇಟ್ಟು ಎಲ್ಲಿ ಅರ್ಥ ಜಾರಿತು ಎಂದು ಹುಡುಕುತ್ತಾರೆ. ಈ ಕೆಲಸಕ್ಕೆ ನಮ್ಮಲ್ಲಿ ಹಳೆಯ ಚರಿತ್ರೆಯೇ ಇದೆ. ಪ್ಯಾರಿಸ್ಸಿನಲ್ಲಿ 1905ರಲ್ಲಿ ಹುಟ್ಟಿದ ಬೀನೆಯ ಬುದ್ಧಿಪರೀಕ್ಷೆ ಅಮೆರಿಕವನ್ನು ಸುತ್ತಿ ಬಂದ ಮೇಲೆ, ವಿ.ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಬೀನೆ-ಕಾಮತ್ ಪರೀಕ್ಷೆ ಎಂದು ಅದರ ಹೆಸರು. ಮಗುವಿನ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಓಡಾಡಿದ ತಂದೆತಾಯಿಯರು ಆ ಹೆಸರನ್ನು ಕೇಳಿಯೇ ಇರುತ್ತಾರೆ.

ನಮ್ಮ ಜಿಲ್ಲೆಯ ಎಣ್ಮಕಜೆಯ ಕಡೆಯ ಒಂದು ಮಗುವನ್ನು ನೆನೆಯಿರಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಯಾವ ಭಾಷೆಯಲ್ಲಿ ಕೇಳಿದರೆ ಅದರ ಬುದ್ಧಿ ಎಷ್ಟು? ಗೇರು ತೋಟಗಳ ಮೇಲೆ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಲ್ಲಿ ಇದು ತರ್ಕದ ಆಟವಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಹೇಳಿತು. ಸಂತ್ರಸ್ತರು ಯಾರು ಎಂಬುದನ್ನು ಪಟ್ಟಿ ಹೇಳಬೇಕು, ಪಟ್ಟಿಗೆ ಸೇರಲು ವೈದ್ಯರ ಕಾಗದ ಬೇಕು. ಆ ಕಾಗದದ ಹಿಂದೆ ಯಾರೋ ಒಬ್ಬರು ಮಗುವಿನ ಮುಂದೆ ಕುಳಿತು ಪ್ರಶ್ನೆ ಕೇಳಿರುತ್ತಾರೆ. "ಯಾರಿಗೆ ಏನು" ಎಂದು ಕೇಳುವವರಿಗೆ ನಾನು ಇದನ್ನು ಹೇಳುವುದು ಕಡಿಮೆ. ಊಟದ ಹೊತ್ತಿಗೆ ಹೇಳುವ ಮಾತಲ್ಲ.

ಮಾವನ ಜತೆ ನನ್ನ ನಿಜವಾದ ಜಗಳ ಇದ್ದದ್ದು ಎಂಜಿನಿಯರಿಂಗ್ ಬಗ್ಗೆ. ನಮ್ಮ ಮುರಕಲ್ಲಿನ, ಅಂದರೆ ಮನೆ ಕಟ್ಟುವ ಕೆಂಪುಕಲ್ಲಿನ, ಮೇಲೆ ಒಬ್ಬಳು ಪ್ರಬಂಧ ಬರೆಯುತ್ತಿದ್ದಾಳೆ ಎಂದೆ. ಮಾವ ಬಾಯಿಯ ಎಲೆಅಡಕೆಯನ್ನು ಉಗುಳಿ ಬಂದೇ ಮಾತಾಡಿದರು. "ಬೇಕಲ ಕೋಟೆ ಕಟ್ಟಿದವರು ಯಾವ ಯುನಿವರ್ಸಿಟಿಗೆ ಹೋಗಿದ್ದರು? ನಮ್ಮ ಮೇಸ್ತ್ರಿ ಕಲ್ಲನ್ನು ತಟ್ಟಿ ಹೇಳುತ್ತಾನೆ ಯಾವುದು ಅಡಿಪಾಯಕ್ಕೆ, ಯಾವುದು ಕಾಂಪೌಂಡಿಗೆ ಎಂದು."

ಹೇಳುತ್ತಾನೆ, ಸುಳ್ಳಲ್ಲ. ಆದರೆ ತಟ್ಟಿದ ಸದ್ದು ಮೇಸ್ತ್ರಿಯ ಕಿವಿಯಲ್ಲೇ ಉಳಿಯುತ್ತದೆ. ಕಲ್ಲನ್ನು ನೋಡದೆಯೇ ಬೇಡವೆನ್ನಬೇಕಾದ ದೂರದ ಎಂಜಿನಿಯರನಿಗೆ ಒಂದು ಅಂಕಿ ಬೇಕು. ಭಾರತೀಯ ಮಾನಕದ ಪ್ರಕಾರ ಕಟ್ಟಡದ ಮುರಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಡೆಯಬೇಕು. ಎಂದರೆ ಬೆರಳುಗುರಿನಷ್ಟು ಜಾಗದ ಮೇಲೆ ಸುಮಾರು 35 ಕಿಲೋ. ಒಂದೇ ಕೋರೆಯಲ್ಲಿ ಮೇಲಿನ ಪದರದ ಕಲ್ಲು ಗಟ್ಟಿ, ಆಳಕ್ಕೆ ಇಳಿದಂತೆ ಮೆದು. ಒಣಗಿದ್ದಾಗ ಒಂದು ಬಲ, ನೀರು ಕುಡಿದಾಗ ಇನ್ನೊಂದು. ಆರು ತಿಂಗಳು ಮಳೆ ಕಾಣುವ ನಾಡಿನಲ್ಲಿ ಯಾವ ಬಲವನ್ನು ಲೆಕ್ಕಕ್ಕೆ ಹಿಡಿಯಬೇಕು? ಅವಳ ಪ್ರಶ್ನೆ ಇಷ್ಟೇ.

ಅವಳು ಕಲ್ಲು ಒಡೆಯುವುದನ್ನು ನಾನು ಒಮ್ಮೆ ಹೋಗಿ ನೋಡಿದ್ದೇನೆ. ಎರಡು ಉಕ್ಕಿನ ಹಲಗೆಗಳ ನಡುವೆ ಕಲ್ಲನ್ನಿಟ್ಟು ಯಂತ್ರ ಶುರು ಮಾಡಿದಳು. ಪರದೆಯಲ್ಲಿ ಅಂಕಿ ಏರುತ್ತ ಹೋಯಿತು, ಕಲ್ಲಿಗೆ ಏನೂ ಆಗಲಿಲ್ಲ. ಆಮೇಲೆ ಒಂದು ಮೂಲೆಯಿಂದ ಕುಂಕುಮದಷ್ಟು ನುಣುಪಾದ ಕೆಂಪು ಹುಡಿ ಉದುರತೊಡಗಿತು. ಹಪ್ಪಳ ಮುರಿದ ಹಾಗೆ ಸಣ್ಣ ಸದ್ದು. ಅಂಕಿ ನಿಂತಿತು, ನಿಂತು ಇಳಿಯಿತು. ಸಾಕ್ಷಿ ಹೇಳಿಯಾಯಿತು. ಅವಳು ಬರೆದುಕೊಂಡು, ಹುಡಿ ಗುಡಿಸಿ, ಮುಂದಿನ ಕಲ್ಲು ಇಟ್ಟಳು.

ಇದನ್ನೆಲ್ಲ ಮಾವ ಕೇಳಿಸಿಕೊಂಡರು ಎಂದು ನಾನು ಅಂದುಕೊಂಡಿರಲಿಲ್ಲ. ಕಳೆದ ತಿಂಗಳು ಬೆಳಿಗ್ಗೆ ಏಳು ಗಂಟೆಗೆ ಗೋಣಿಚೀಲದಲ್ಲಿ ಎರಡು ಕಲ್ಲು ಕಟ್ಟಿಕೊಂಡು ನಮ್ಮ ಗೇಟಿನ ಮುಂದೆ ನಿಂತಿದ್ದರು. ಪಂಪು ಶೆಡ್ಡು ಕಟ್ಟಿಸುತ್ತಿದ್ದಾರಂತೆ, ಈ ಸಲದ ಲೋಡಿನ ಕಲ್ಲು ಸರಿಯಿಲ್ಲವೆಂದು ಸಂಶಯ, ಮೇಸ್ತ್ರಿ ಮಾತ್ರ ಆದೀತು ಎನ್ನುತ್ತಿದ್ದಾನೆ. ಎರಡು ಬಸ್ಸಿನಲ್ಲಿ ಆ ಚೀಲವನ್ನು ಹೊತ್ತೊಯ್ದ ನನ್ನ ಬೆನ್ನಿನ ಕತೆ ಬೇಡ. ಹುಡುಗಿ ಎರಡನ್ನೂ ಒಡೆದುಕೊಟ್ಟಳು. ಒಂದು ಮಾನಕವನ್ನು ಸಲೀಸಾಗಿ ದಾಟಿತು, ಇನ್ನೊಂದು ಅರ್ಧ ದಾರಿಯಲ್ಲೇ ಕೈಕೊಟ್ಟಿತು. "ಎರಡು ಕಲ್ಲಿನಿಂದ ಏನೂ ಹೇಳಲಾಗದು, ಇನ್ನಷ್ಟು ತರಲು ಹೇಳಿ" ಎಂದಳು.

ಸಂಜೆ ವರದಿ ಒಪ್ಪಿಸಿದೆ. ಮಾವ ಚೀಲದ ಬಾಯಿ ಬಿಚ್ಚಿ ಚೂರುಗಳನ್ನು ನೋಡಿದರು.

"ಇದರಲ್ಲಿ ಒಳ್ಳೆಯ ಕಲ್ಲು ಯಾವುದು?"

ನಾನು ತೋರಿಸಿದೆ.

"ಒಳ್ಳೆಯದೆಂದು ಗೊತ್ತಾದದ್ದು ಒಡೆದ ಮೇಲೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಾಳೆ ಎಷ್ಟು ಬೇಕಂತೆ?"