10 ಮಿಲಿಮೀಟರ್

16 ಫೆಬ್ರವರಿ 2025, ಭಾನುವಾರ
ಚಿಕ್ಕಮಗಳೂರು, ರಾತ್ರಿ 10.40

ನಿದ್ದೆ ಬರುತ್ತಿಲ್ಲ. ಮಧ್ಯಾಹ್ನದ ಕಡುಬು ಜಾಸ್ತಿಯಾಗಿದೆ ಅಂತ ಹೇಳಿ ಇವಳು ಮಲಗಿಬಿಟ್ಟಳು. ಕಡುಬಿನ ತಪ್ಪಲ್ಲ ಇದು.

ಬೆಳಿಗ್ಗೆ ಆರೂವರೆಗೇ ಭಾವನ ಫೋನು. "ಎದ್ದಿದ್ದೀಯೇನೋ? ಬೆಂಗಳೂರಿಂದ ಗಾಡಿ ಬರ್ತಾ ಇದೆ. ಎರಡು. ನೀನಿಲ್ಲದೆ ನಾನು ಹತ್ತಲ್ಲ ಮಾರಾಯ." ನಾಲ್ಕು ತಿಂಗಳಿಂದ ಇದೇ ಕಥೆ. ಮೊದಲು ಬಿಎಂಡಬ್ಲ್ಯು ಎಕ್ಸ್5 ಅಂತಿದ್ದರು. ಆಮೇಲೆ ರೇಂಜ್ ರೋವರ್ ಸ್ಪೋರ್ಟ್ ಅಂದರು. ಸಕಲೇಶಪುರದ ಕಡೆ ಯಾವುದೋ ಮದುವೆಗೆ ಹೋದವರು ಅಲ್ಲಿ ಪೋರ್ಷೆ ಕಯೆನ್ ನೋಡಿಕೊಂಡು ಬಂದರು, ಅಲ್ಲಿಗೆ ಉಳಿದದ್ದೆಲ್ಲ ಮುಗೀತು. ಈಗ ಇದ್ದ ಪ್ರಶ್ನೆ ಒಂದೇ. ಮಾಮೂಲಿ ಕಯೆನ್ನಾ, ಅದರದೇ ಜೋರಿನ ಮಾದರಿ ಜಿಟಿಎಸ್ಸಾ?

ಡಿಪ್ಲೊಮಾ ಹುಡುಗರಿಗೆ ಆಟೊಮೊಬೈಲ್ ಪಾಠ ಮಾಡುವವನಿಗೆ ನೆಂಟರಲ್ಲಿ ಸಿಗುವ ಮರ್ಯಾದೆ ಇದೊಂದೇ. ಯಾರು ಕಾರು ತಗೊಂಡರೂ ಬಾನೆಟ್ ಎತ್ತೋಕೆ ನಾನು ಬೇಕು. ನಾನು ಓಡಿಸುವುದು 2011ರ ವ್ಯಾಗನಾರ್. ಅದರ ಬಾನೆಟ್ಟೂ ನಾನೇ ಎತ್ತುತ್ತೇನೆ, ವಾರಕ್ಕೆ ಎರಡು ಸಲ.

ಮೊದಲು ಬಿಳಿ ಕಾರು. ಮಾಮೂಲಿದು. ಮಾಮೂಲಿ ಅನ್ನೋಕೆ ನಾಲಿಗೆ ಏಳಲ್ಲ ಬಿಡಿ. 3 ಲೀಟರಿನ ವಿ6 ಟರ್ಬೊ, 353 ಪಿಎಸ್ ಶಕ್ತಿ. ನನ್ನ ವ್ಯಾಗನಾರ್ ಐದನ್ನು ಒಟ್ಟಿಗೆ ಕಟ್ಟಿದರೂ ಸ್ವಲ್ಪ ಕಮ್ಮಿಯೇ. ಕಡೂರು ರಸ್ತೆಗೆ ಹೋದೆವು, ಅಲ್ಲಾದರೆ ದಾರಿ ನೆಟ್ಟಗಿದೆ. ಭಾವ ಓಡಿಸಿದರು, ಷೋರೂಮಿನ ಹುಡುಗ ಪಕ್ಕದಲ್ಲಿ, ನಾನು ಹಿಂದೆ. ಸಖರಾಯಪಟ್ಟಣ ಬಂದಿದ್ದೇ ಗೊತ್ತಾಗಲಿಲ್ಲ. ಭಾವ ಮೂರು ಸಲ "ಆರಾಮಾಗಿದೆ" ಅಂದರು. ನಾಲ್ಕನೇ ಸಲ ಅಂದಾಗ ದನಿಯಲ್ಲಿ ಏನೋ ಬೇಜಾರಿತ್ತು. ಆರಾಮಾಗಿರುವ ಗಾಡಿ ಅವರ ಹತ್ತಿರ ಆಗಲೇ ಒಂದಿದೆಯಲ್ಲ.

ವಾಪಸ್ ಬಂದು ಜಿಟಿಎಸ್ ಹತ್ತಿದೆವು. ಕೆಂಪು. ಈ ಸಲ ಭಾವ ಕೀಲಿ ನನಗೇ ಕೊಟ್ಟರು. "ಮೊದಲು ನೀನು ಓಡಿಸು, ನಾನು ಕೂತು ನೋಡ್ತೀನಿ."

ಸ್ಟಾರ್ಟ್ ಬಟನ್ ಬಾಗಿಲ ಕಡೆಗಿದೆ, ಪೋರ್ಷೆಯವರ ಹಳೇ ಅಭ್ಯಾಸ ಅದು. ಗೇರ್ ಇರಬೇಕಾದ ಜಾಗದಲ್ಲಿ ಗೇರಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹೆಬ್ಬೆರಳಿನಷ್ಟು ಒಂದು ಗುಬುಟು, ಅಷ್ಟೇ. ಒತ್ತಿದೆ. ಒಮ್ಮೆ ಕೆಮ್ಮಿ ಆಮೇಲೆ ನಿಧಾನಕ್ಕೆ ಇಳಿಯಿತು ಸದ್ದು. ತೋಟದ ಆಚೆ ತುದಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿದ್ದರೆ ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತಲ್ಲ, ಹಾಗೆ. 4 ಲೀಟರಿನ ವಿ8, ಎರಡು ಟರ್ಬೊ, 500 ಪಿಎಸ್, 660 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ಈ ಅಂಕಿಗಳನ್ನು ನಾನು ಬೋರ್ಡಿನ ಮೇಲೆ ಬರೆದಿದ್ದೇನೆ. ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೇನೆ. ವಿ8 ಎಂಜಿನ್ನಿನ ಫೈರಿಂಗ್ ಆರ್ಡರ್ ಬಗ್ಗೆ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಒಂದರ ಹಿಂದೆ ಕೂತಿದ್ದು ಇವತ್ತೇ.

ಆಲ್ದೂರು ರಸ್ತೆ. ಸಿಲ್ವರ್ ಓಕ್ ಸಾಲಿನ ಕೆಳಗಿನ ಆ ತಿರುವು ಇದೆಯಲ್ಲ, ಬಸ್ಸಿನಲ್ಲಿ ಹೋದರೆ ಎಲ್ಲರೂ ಒಟ್ಟಿಗೆ ಕಿಟಕಿ ಕಡೆಗೆ ವಾಲುತ್ತಾರೆ, ನಿಂತವರು ಕೂತವರ ಮೇಲೆ ಬೀಳುತ್ತಾರೆ. ಆ ತಿರುವಿನಲ್ಲಿ ಎರಡು ಟನ್ ದಾಟುವ ಗಾಡಿ ವಾಲಲೇ ಇಲ್ಲ. ತಿರುಗಿತು, ಅಷ್ಟೇ. ನಾನು ಜೋರಾಗಿ ಹೋಗಲಿಲ್ಲ, ಭಾನುವಾರ ಬೇರೆ, ಬೆಟ್ಟ ನೋಡೋಕೆ ಬಂದವರ ಗಾಡಿಗಳು ಎಲ್ಲೆಲ್ಲೂ. ಆದರೆ ತಿರುವು ಮುಗಿದು ನೇರ ಸಿಕ್ಕಾಗ ಬಲಗಾಲು ಒಂದಿಷ್ಟು ಒತ್ತಿದೆ. ಎರಡು ಸೆಕೆಂಡ್ ಇರಬಹುದು. ಹೊಟ್ಟೆ ಹಿಂದೆ ಉಳಿಯಿತು, ಗಾಡಿ ಮುಂದೆ ಹೋಯಿತು. ನನಗೇ ಗೊತ್ತಿಲ್ಲದೆ ನಕ್ಕುಬಿಟ್ಟೆ. ಪಕ್ಕದ ಹುಡುಗನಿಗೆ ಅಭ್ಯಾಸ ಇರಬೇಕು, ಎಲ್ಲರೂ ಇಲ್ಲೇ ನಗ್ತಾರೆ ಸರ್ ಅಂದ.

ಆಮೇಲೆ ಭಾವ ಓಡಿಸಿದರು. ಸ್ಟೀರಿಂಗಿನಲ್ಲಿ ಒಂದು ಗುಂಡಗಿನ ತಿರುಗಣೆ ಇದೆ, ಅದರ ನಡುವಿನ ಬಟನ್ ಒತ್ತಿದರೆ 20 ಸೆಕೆಂಡ್ ಗಾಡಿ ತನ್ನ ಪೂರ್ತಿ ಜೀವ ಬಿಟ್ಟು ಓಡುತ್ತೆ. ಹುಡುಗ ಹೇಳಿದ್ದೇ ತಡ, ಭಾವ ಒತ್ತಿದರು. ಅಷ್ಟರಲ್ಲಿ ಎದುರಿಗೆ ಹುಲ್ಲಿನ ಹೊರೆ ಹೊತ್ತ ಅಜ್ಜಿ. ಬ್ರೇಕು. 20 ಸೆಕೆಂಡೂ ಅಜ್ಜಿ ರಸ್ತೆ ದಾಟುವುದಕ್ಕೇ ಖರ್ಚಾಯಿತು. ನಾವು ಮೂವರೂ ನಕ್ಕು ನಕ್ಕು ಸುಸ್ತಾದೆವು. ಅಜ್ಜಿ ಮಾತ್ರ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಹಿಂದಿನ ಸೀಟಿನಲ್ಲಿ ನಾನು ಕೈ ಇಟ್ಟು ಕೂತಿದ್ದೆ. ಸೀಟಿನ ನಡುವಿನ ಬಟ್ಟೆ ಕರುವಿನ ಕಿವಿಯ ಹಾಗಿದೆ. ಒಂದು ಕಡೆ ಸವರಿದರೆ ಕಪ್ಪು, ಇನ್ನೊಂದು ಕಡೆ ಸವರಿದರೆ ಬೂದು. ತೋಟದ ಗೇಟು ಬರುವವರೆಗೂ ಸುಮ್ನೆ ಅದನ್ನೇ ಸವರುತ್ತಿದ್ದೆ.

ತೋಟದಲ್ಲಿ ಕಣದ ತುಂಬ ರೋಬಸ್ಟಾ ಕಾಫಿ ಚೆರ್ರಿ ಹರಡಿತ್ತು. ಹರಗುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ನಿಂತರು. ತೋಟದ ಲೆಕ್ಕ ಬರೆಯುವ ರೈಟರ್ ಮಂಜಣ್ಣ ಹಿಂದಿನ ಟೈರಿಗೆ ಗೇಣು ಹಾಕಿ ನೋಡಿದರು. 315 ಮಿಲಿಮೀಟರ್ ಅಗಲ, 21 ಇಂಚಿನ ರಿಮ್ಮು. "ಇದು ಪಂಚರ್ ಆದ್ರೆ ಆಲ್ದೂರಲ್ಲಿ ಯಾರು ಮುಟ್ತಾರೆ ಸ್ವಾಮಿ?" ಅಂದರು. ಒಳ್ಳೇ ಪ್ರಶ್ನೆ. ಇಡೀ ದಿನದಲ್ಲಿ ಕೇಳಿದ ಒಳ್ಳೇ ಪ್ರಶ್ನೆ ಅದೊಂದೇ ಇರಬೇಕು.

ಮಾವ ಜಗಲಿಯಿಂದ ಇಳಿಯಲೇ ಇಲ್ಲ.

"ಡೀಸೆಲ್ಲೇನೋ?"

"ಇಲ್ಲ ಮಾವ. ಪೋರ್ಷೆಯವರು 2018ರಲ್ಲೇ ಡೀಸೆಲ್ ನಿಲ್ಲಿಸಿಬಿಟ್ಟರು."

"ಮತ್ತೆ ಯಾಕೆ?"

ಈ "ಮತ್ತೆ ಯಾಕೆ" ಎನ್ನುವುದಕ್ಕೆ ಭಾವನ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಅಕ್ಕ ಊಟಕ್ಕೆ ಕರೆದಳು, ಬಚಾವ್. ಷೋರೂಮಿನ ಇಬ್ಬರು ಹುಡುಗರನ್ನೂ ಬಿಡದೆ ಒಳಗೆ ಕರೆದುಕೊಂಡು ಹೋಗಿ ಕಡುಬು, ನಾಟಿ ಕೋಳಿ ಸಾರು ಬಡಿಸಿದಳು. ಭಾವ ಮಾತ್ರ ನನ್ನ ತೋಳು ಹಿಡಿದು ಗೇಟಿನ ಹತ್ತಿರ ಎಳೆದುಕೊಂಡು ಹೋದರು. ಎರಡೂ ಕಾರು ಅಲ್ಲೇ ನಿಂತಿದ್ದವು. ಬಿಳಿ, ಕೆಂಪು. ಬಿಸಿಲಿಗೆ ಕೆಂಪು ಕಾರಿನಿಂದ ಟಿಕ್ ಟಿಕ್ ಅಂತ ಎಂಜಿನ್ ಆರುವ ಸದ್ದು.

"ಈಗ ಹೇಳು."

ನಾನು ಹೇಳಿದೆ. ಕ್ಲಾಸಿನಲ್ಲಿ ಹೇಳಿದ ಹಾಗೇ ಹೇಳಿದೆ. ಷೋರೂಮ್ ಬೆಲೆಯಲ್ಲೇ ಅರ್ಧ ಕೋಟಿಗೂ ಜಾಸ್ತಿ ವ್ಯತ್ಯಾಸ. ಅದರ ಮೇಲೆ ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಸೆಸ್ಸೂ ಸೇರಿದರೆ ಹೆಚ್ಚುಕಮ್ಮಿ 20. ಎರಡು ಕೋಟಿ ಗಾಡಿಗೆ ಆರ್‌ಟಿಒಗೇ 40 ಲಕ್ಷ. ಸ್ಲೊವಾಕಿಯಾದಲ್ಲಿ ತಯಾರಾಗಿ ಪೂರ್ತಿ ಕಾರಾಗಿಯೇ ಬರುತ್ತೆ, ಸುಂಕ ಆಗಲೇ ಬೆಲೆಯೊಳಗೆ ಕೂತಿದೆ. ನೀವು ತಿಂಗಳಿಗೆ ಒಂದು ಸಲ ಬೆಂಗಳೂರಿಗೆ ಹೋಗುತ್ತೀರಿ, ಉಳಿದ ದಿನ ಆಲ್ದೂರು, ಚಿಕ್ಕಮಗಳೂರು, ಮೂಡಿಗೆರೆ. 500 ಪಿಎಸ್ಸನ್ನ ಎಲ್ಲಿ ಓಡಿಸ್ತೀರಿ? ವಿ6ಗೂ ಕೆಳಗಿನಿಂದಲೇ ಟಾರ್ಕ್ ಸಿಗುತ್ತೆ. ಚಾರ್ಮಾಡಿ ಹತ್ತೋಕೆ ಅದು ಬೇಕಾದಷ್ಟಾಯಿತು.

ಭಾವ ತಲೆ ಆಡಿಸುತ್ತಿದ್ದರು. ಆದರೆ ಕಣ್ಣು ಕೆಂಪು ಕಾರಿನ ಮೇಲೇ ಇತ್ತು.

ಆಗ ನಾನು ಕೊನೇ ಮಾತು ಹೇಳಿದೆ. "ಮತ್ತೆ ಭಾವ, ಜಿಟಿಎಸ್ ಬಾಕಿ ಕಯೆನ್‌ಗಿಂತ 10 ಮಿಲಿಮೀಟರ್ ಕೆಳಗಿದೆ." ಅಂದು ಗೇಟಿನಿಂದ ಮನೆಗೆ ಹೋಗುವ ದಾರಿ ತೋರಿಸಿದೆ. ಜೀಪಿನ ಗಾಡಿಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ, ಅದರಲ್ಲಿ ಅಲ್ಲಲ್ಲಿ ತಲೆ ಎತ್ತಿದ ಕಲ್ಲು. ಭಾವ ಬಗ್ಗಿ ನೋಡಿದರು. ಕಾರಿನ ಕೆಳಗೊಮ್ಮೆ, ದಾರಿಯನ್ನೊಮ್ಮೆ. ಹೆಬ್ಬೆರಳು ತೋರುಬೆರಳು ಅಗಲಿಸಿ "ಇಷ್ಟಾ?" ಅಂತ ಕೇಳಿದರು. ನಾನು ಅವರ ಬೆರಳನ್ನು ಸ್ವಲ್ಪ ಹತ್ತಿರ ತಂದು "ಇಷ್ಟು" ಅಂದೆ.

ಲೆಕ್ಕದಲ್ಲಿ ಸುಳ್ಳಿಲ್ಲ. 10 ಮಿಲಿಮೀಟರ್ ಕೆಳಗಿರುವುದು ನಿಜ. ಆದರೆ ಜಿಟಿಎಸ್‌ಗೆ ಸ್ಪ್ರಿಂಗಿನ ಬದಲು ಗಾಳಿಯ ಮೇಲೆ ಗಾಡಿ ಹೊರುವ ಏರ್ ಸಸ್ಪೆನ್ಶನ್ ಕಂಪನಿಯಿಂದಲೇ ಬರುತ್ತೆ. ಪರದೆ ಮೇಲೆ ಬೆರಳಿಟ್ಟರೆ ಗಾಡಿ ಆ 10 ಮಿಲಿಮೀಟರನ್ನೂ ಮೀರಿ ಎಷ್ಟೋ ಮೇಲೆ ಏಳುತ್ತೆ. ದಿಬ್ಬ ದಾಟಿ ಮತ್ತೆ ಇಳಿಸಿಕೊಳ್ಳಬಹುದು. ಇದು ನನಗೆ ಗೊತ್ತು. ಏರ್ ಸಸ್ಪೆನ್ಶನ್ ನನ್ನ ಸಿಲಬಸ್ಸಿನಲ್ಲೇ ಇದೆ. ಹೇಳಬೇಕಾದ ಹುಡುಗ ಒಳಗೆ ಕೋಳಿ ಸಾರು ತಿನ್ನುತ್ತಿದ್ದ. ನಾನು ಹೇಳಲಿಲ್ಲ.

ಆಮೇಲೆ ಭಾವ ಕೇಳಿದರು. ಅದೇ ಈಗ ತಲೆಯಲ್ಲಿ ಕೊರೀತಿರುವುದು.

"ಅದೆಲ್ಲ ಇರಲಿ. ನಿನ್ನ ದುಡ್ಡಾಗಿದ್ರೆ ನೀನು ಯಾವುದು ತಗೋತಿದ್ದೆ?"

"ಬಿಳಿದು."

ಒಂದು ಕ್ಷಣವೂ ತಡ ಮಾಡಲಿಲ್ಲ ನಾನು.

ಭಾವ ನನ್ನ ಬೆನ್ನು ತಟ್ಟಿದರು. "ಸರಿ ಹಾಗಾದ್ರೆ. ನೀನು ಹೇಳಿದ ಮೇಲೆ ಮುಗೀತು. ನಾಳೆ ಅಡ್ವಾನ್ಸ್ ಕೊಡ್ತೀನಿ." ಕೆಂಪು ಕಾರಿನ ಬಾನೆಟ್ ಮೇಲೆ ಒಮ್ಮೆ ಅಂಗೈ ಇಟ್ಟರು, ಜ್ವರ ನೋಡುವ ಹಾಗೆ. ಆಮೇಲೆ ಊಟಕ್ಕೆ ಹೋದೆವು.

ಹೇಳಿದ ಸಲಹೆಯಲ್ಲಿ ತಪ್ಪಿದೆಯಾ? ಇಲ್ಲ. ದುಡ್ಡಿನ ಲೆಕ್ಕ ಸರಿ, ರಸ್ತೆಯ ಲೆಕ್ಕ ಸರಿ, ಮಂಜಣ್ಣನ ಟೈರಿನ ಲೆಕ್ಕವೂ ಸರಿ. ಯಾರೇ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ. ಹಾಗಂತ ಊಟದ ಹೊತ್ತಿನಲ್ಲಿ ನಾಲ್ಕು ಸಲ ನನಗೆ ನಾನೇ ಹೇಳಿಕೊಂಡೆ. ಆದರೆ ಸರಿಯಾದ ಲೆಕ್ಕ ಅಷ್ಟೊಂದಿದ್ದಾಗ ಆ 10 ಮಿಲಿಮೀಟರ್ ಯಾಕೆ ಬೇಕಿತ್ತು?

2019 ನೆನಪಾಗುತ್ತಿದೆ. ಆಗಸ್ಟ್ ಮಳೆಗೆ ಭಾವನ ಕೆಳಗಿನ ತಾಕು ಜರಿದು ಹಳ್ಳಕ್ಕೆ ಹೋಯಿತು. ಉಳಿದ ಅರೇಬಿಕಾಗೆ ಕಾಂಡಕೊರಕ. ಆ ವರ್ಷ ಅಕ್ಕನ ಬಳೆ ಹಿಡಿದುಕೊಂಡು ಬ್ಯಾಂಕಿಗೆ ಹೋಗಿದ್ದು ನಾನು. ಭಾವ ವ್ಯಾಗನಾರ್‌ನಲ್ಲೇ ಕೂತಿದ್ದರು, ಒಳಗೆ ಬರೋಕೆ ಮುಖ ಇಲ್ಲ ಅಂತ. ಮೂರು ತಿಂಗಳು ಮಕ್ಕಳ ಫೀಸು ನಾನು ಕಟ್ಟಿದೆ. ಅವರು ವಾಪಸ್ ಕೊಟ್ಟರು, ಕೊಡಲಿಲ್ಲ ಅಂತಲ್ಲ. ಈಗ ಎಪಿ, ಅಂದರೆ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ, ಮೂಟೆಗೆ 20 ಸಾವಿರ ದಾಟಿದೆ. ಒಳ್ಳೇದೇ ಅಲ್ವಾ. ಅಕ್ಕ ಚೆನ್ನಾಗಿದ್ದಾಳೆ. ನಾನೇ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತೇನೆ, ನಮ್ಮ ಭಾವ ಗಟ್ಟಿ ಮನುಷ್ಯ, ಬಿದ್ದು ಎದ್ದವರು ಅಂತ. ಒಂದೂವರೆ ಕೋಟಿ ಹತ್ತಿರದ ಬಿಳಿ ಕಾರು ಅವರ ಶೆಡ್ಡಿನಲ್ಲಿ ನಿಂತಿರುವುದನ್ನ ನೆನೆಸಿಕೊಂಡರೆ ನನಗೇನೂ ಅನ್ನಿಸುವುದಿಲ್ಲ. ನಿಜ ಹೇಳ್ತಿದ್ದೀನಿ, ಖುಷಿಯೇ ಆಗುತ್ತೆ. ಕೆಂಪು ಕಾರು ನೆನೆಸಿಕೊಂಡರೆ ಮಾತ್ರ...

ಬಾಡಿಗೆಗೆ ಕೊಡುವವರು ಇದ್ದಾರೋ ಏನೋ. ಛೆ, ಎಂಥ ಯೋಚನೆ.

ನಾಳೆ ಮೊದಲನೇ ಪೀರಿಯಡ್ ಇದೆ. ಸಸ್ಪೆನ್ಶನ್ನೇ ಇದೆ ಬೇರೆ. ಲೀಫ್ ಸ್ಪ್ರಿಂಗ್ ಮುಗಿಸಿದ್ದೆ, ಮುಂದಿನದು ಏರ್.

ಈಗಷ್ಟೇ ಅಕ್ಕನ ಮೆಸೇಜು. "ಬಿಳಿ ಬೇಡ ಅಂತ ನಿಮ್ಮ ಭಾವಂಗೆ ಹೇಳೋ. ಮಣ್ಣಾದ್ರೆ ಎದ್ದು ಕಾಣತ್ತೆ. ಊಟ ಆದಾಗಿಂದ ಮಾತೇ ಆಡ್ತಿಲ್ಲ, ಗೇಟಿನ ಹತ್ರ ಕೂತಿದಾರೆ. ನೀನು ಹೇಳಿದ್ರೆ ಕೇಳ್ತಾರೆ."

ನೀಲಿ ಟಿಕ್ ಬಿದ್ದುಹೋಗಿದೆ, ಏನಾದರೂ ಬರೀಲೇಬೇಕು. ಬೂದು ಬಣ್ಣ ಚೆನ್ನಾಗಿರುತ್ತೆ ಅಂತ ಬರೆದೆ. ಅಳಿಸಿದೆ. ಭಾವ ಇನ್ನೂ ಎದ್ದಿದ್ದಾರಾ ಅಂತ ಬರೆದೆ, ಅದನ್ನೂ ಇನ್ನೂ ಕಳಿಸಿಲ್ಲ, ಎದ್ದಿದ್ದಾರೆ ಅಂದರೆ ಫೋನ್ ಮಾಡಿ ಏನಂತ ಶುರು ಮಾಡುವುದು, ಭಾವ ಆ 10 ಮಿಲಿಮೀಟರ್ ಇದೆಯಲ್ಲ ಅಂತಲಾ, ಅಥವಾ